ಏಳನೇ ಪ್ರತಿ

೧೧ ಫೆಬ್ರವರಿ ೨೦೧೪

ಗೋಪ್ಯ ಶಾಖೆಯಲ್ಲಿ ಕೆಲಸ ಮಾಡುವವರು ಮನೆಯಲ್ಲಿ ದಿನಚರಿ ಬರೆಯಬಾರದು ಎಂದು ನಿಯಮವಿದೆ. ಹೊಸಬರು ಬಂದಾಗಲೆಲ್ಲ ಆ ನಿಯಮ ಓದಿ ಹೇಳಿ ಸಹಿ ಮಾಡಿಸಿಕೊಳ್ಳುವವಳು ನಾನೇ. ಇಪ್ಪತ್ತೊಂಬತ್ತು ವರ್ಷ ಪಾಲಿಸಿದೆ. ಇವತ್ತು ಬರೆಯದಿದ್ದರೆ ಎದೆ ಒಡೆದುಹೋಗುತ್ತದೆ. ಅದಕ್ಕೇ ಹಳೆಯ ರಿಜಿಸ್ಟರಿನ ಖಾಲಿ ಹಾಳೆ ತೆಗೆದು ಕೂತಿದ್ದೇನೆ.

ಬೆಳಿಗ್ಗೆ ಹನ್ನೊಂದಕ್ಕೆ ನಾಲ್ಕು ಜನ ಬಂದು ಗುಬ್ಬಿಯನ್ನು ಕರೆದುಕೊಂಡು ಹೋದರು. ಗುಬ್ಬಿ ಎಂದರೆ ನನ್ನ ಕೈಕೆಳಗಿನ ಗುಮಾಸ್ತೆ. ಹಿಡಿಯಷ್ಟು ಮೈ, ಕೂತಲ್ಲಿ ಕೂರುವವಳಲ್ಲ, ಬಾಯಿಗೆ ಬಿಡುವಿಲ್ಲ. ಹೆಸರಿಟ್ಟವಳು ನಾನೇ. ಆರು ವರ್ಷದ ಹಿಂದೆ ಫೈಲಿಗೆ ದಾರ ಕಟ್ಟಲು ಬಾರದೆ ಕಣ್ಣಲ್ಲಿ ನೀರು ತಂದುಕೊಂಡಿದ್ದಳು. ಈಗ ನನಗಿಂತ ಚೆನ್ನಾಗಿ ಕಟ್ಟುತ್ತಾಳೆ. ಚೀಲವನ್ನೂ ತೆಗೆದುಕೊಳ್ಳಲು ಬಿಡಲಿಲ್ಲ ಅವರು. ಬಾಗಿಲಲ್ಲಿ ತಿರುಗಿ, "ಮೇಡಂ, ನೀವು ಹೇಳ್ತೀರಲ್ಲ?" ಅಂದಳು.

ಹೇಳಬೇಕಾದದ್ದು ಇಷ್ಟು. ಹಳೆಯ ಸೇತುವೆಯ ಕಂಬಗಳು ಬಿರುಕು ಬಿಟ್ಟಿವೆ ಎಂಬ ತಜ್ಞರ ವರದಿ ನಮ್ಮಲ್ಲಿತ್ತು. ಸೇನೆಯ ಲಾರಿಗಳು ಓಡಾಡುವ ಸೇತುವೆಯಾದ್ದರಿಂದ ಅದು ಗೋಪ್ಯ. ಇದ್ದದ್ದು ಹತ್ತೇ ಪ್ರತಿ, ಪುಟಪುಟದ ಮೂಲೆಯಲ್ಲೂ ಪ್ರತಿಯ ಸಂಖ್ಯೆಯ ಮುದ್ರೆ. ಯಾರು ತೆಗೆದುಕೊಂಡರು, ಯಾವಾಗ ಮರಳಿಸಿದರು ಎಂಬುದಕ್ಕೆ ರಿಜಿಸ್ಟರಿನಲ್ಲಿ ಸಹಿ. ಮೊನ್ನೆ ಪತ್ರಿಕೆಯಲ್ಲಿ ವರದಿಯ ಒಂದು ಪುಟದ ಚಿತ್ರ ಬಂತು. ಮೂಲೆಯಲ್ಲಿ ಏಳು ಎಂದಿತ್ತು. ಏಳನೇ ಪ್ರತಿ ಹೊರಗೆ ಹೋದದ್ದು ಒಂದೇ ಸಲ, ಜನವರಿ ಎಂಟರಿಂದ ಹತ್ತರವರೆಗೆ. ಆ ಸಾಲಿನಲ್ಲಿ ಗುಬ್ಬಿಯ ಸಹಿ ಇದೆ.

ಆದರೆ ಅದನ್ನು ನನ್ನ ಕೈಯಿಂದ ತೆಗೆದುಕೊಂಡವರು ದೊಡ್ಡ ಸಾಹೇಬರು. "ಒಂದ್ ಗಂಟೆ ಕೊಡಿ" ಅಂದವರು ಮೂರನೆಯ ದಿನ ತಂದುಕೊಟ್ಟರು. ದೊಡ್ಡವರು ಸಹಿ ಮಾಡುವುದಿಲ್ಲ, ನಾವು ಕೇಳುವುದಿಲ್ಲ, ಸಾಲು ಖಾಲಿ ಬಿಡುತ್ತೇವೆ. ವರ್ಷದ ತಪಾಸಣೆಯ ಹಿಂದಿನ ದಿನ ಖಾಲಿ ಸಾಲುಗಳನ್ನೆಲ್ಲ ತುಂಬಿಸುವುದು ನಮ್ಮ ಶಾಖೆಯ ಪದ್ಧತಿ. ಹಿರಿಯರು ಬೆರಳಿಡುತ್ತಾರೆ, ಕಿರಿಯರು ಸಹಿ ಹಾಕುತ್ತಾರೆ. ಕಿರಿಯಳಾಗಿದ್ದಾಗ ನಾನೂ ಹಾಕಿದ್ದೇನೆ. "ಇದು ನಾನ್ ತಗೊಂಡಿದ್ದಲ್ವಲ್ಲ ಮೇಡಂ?" ಎಂದು ಗುಬ್ಬಿ ಕೇಳಿದಳು. "ಹಾಕೇ ಸುಮ್ನೆ, ಬೆಳಿಗ್ಗೆ ತಪಾಸಣೆಯೋರು ಬಂದ್ಬಿಡ್ತಾರೆ" ಅಂದೆ. ಹಾಕಿದಳು.

ಊಟಕ್ಕೆ ಕೂತಾಗ ಎಲ್ಲವನ್ನೂ ತಂಗಿಗೆ ಹೇಳಿದೆ. ಮನೆಯ ಮುಂದಿನ ಕೋಣೆಯಲ್ಲಿ ಬಟ್ಟೆ ಹೊಲಿಯುವ ಇವಳಿಗೂ ಗುಬ್ಬಿಗೂ ಬಲು ಸಲುಗೆ. ತಟ್ಟೆ ಪಕ್ಕಕ್ಕೆ ಸರಿಸಿ, "ಈಗ್ಲೇ ಹೋಗಿ ಹೇಳಕ್ಕ" ಅಂದಳು. ಈಗ ಅಲ್ಲಿ ಯಾರಿರುತ್ತಾರೆ? ನಾಳೆ ಮೊದಲ ಕೆಲಸ ಅದೇ.

೧೨ ಫೆಬ್ರವರಿ

ತನಿಖಾಧಿಕಾರಿ ಚಿಕ್ಕ ವಯಸ್ಸಿನವನು, ಬಹಳ ಮರ್ಯಾದಸ್ಥ. ರಿಜಿಸ್ಟರ್ ತೆರೆದು, "ಈ ಸಹಿ ಅವರದೇನಾ ಮೇಡಂ?" ಅಂದ. ಹೌದು, ಆದರೆ ಎನ್ನುವಷ್ಟರಲ್ಲಿ ಕೈ ಎತ್ತಿದ. "ಕೇಳಿದ್ದಕ್ಕೆ ಮಾತ್ರ ಹೇಳಿ, ಸಾಕು. ಮಿಕ್ಕಿದ್ದು ಕೋರ್ಟಲ್ಲಿ ಹೇಳೋದು ಇದ್ದೇ ಇರುತ್ತೆ." ನಾಲ್ಕು ಸಾಲಿನ ಹೇಳಿಕೆ ಬರೆದುಕೊಂಡ. ಅದರಲ್ಲಿ ಮೂರು ಕಾಗುಣಿತದ ತಪ್ಪಿದ್ದವು, ನಾನೇ ತಿದ್ದಿ ಸಹಿ ಮಾಡಿಕೊಟ್ಟೆ.

"ಹೇಳಿದ್ಯಾ?" ಎಂದು ತಂಗಿ ಹೊಸ್ತಿಲಲ್ಲೇ ಹಿಡಿದಳು. ಕೋರ್ಟಿನಲ್ಲಿ ಪ್ರಮಾಣ ಮಾಡಿ ಹೇಳಿದ ಮಾತಿಗೆ ತೂಕ ಹೆಚ್ಚು ಅಂದೆ. ನಿಜವೇ ತಾನೆ?

೩ ಏಪ್ರಿಲ್

ನಗಬಾರದು, ಆದರೂ ನಗು ಬಂತು. ಸಾಕ್ಷ್ಯಕ್ಕೆಂದು ಪತ್ರಿಕೆಯ ಆ ಪುಟವನ್ನು ಕತ್ತರಿಸಿ ನನ್ನ ಮೇಜಿಗೆ ಕಳಿಸಿದ್ದರು. ಅದರಲ್ಲಿ ಗೋಪ್ಯ ವಿಷಯ ಇರುವುದರಿಂದ ಅದೂ ಗೋಪ್ಯವಂತೆ. ಕೆಂಪು ಮುದ್ರೆ ಒತ್ತಿ, ಸಂಖ್ಯೆ ಹಾಕಿ, ಕಬ್ಬಿಣದ ಬೀರುವಿನಲ್ಲಿಟ್ಟು ಬೀಗ ಹಾಕಿದೆ. ಸಂಜೆ ಬರುವಾಗ ಮೂಲೆಯಂಗಡಿಯವನು ಅದೇ ಪುಟದಲ್ಲಿ ನನಗೆ ಸೋಪು ಸುತ್ತಿಕೊಟ್ಟ. ಗುಬ್ಬಿಯ ವಕೀಲರು ಅದನ್ನು ನೋಡಬೇಕಾದರೆ ಮೂರು ಅರ್ಜಿ ಹಾಕಬೇಕು.

ಗುಬ್ಬಿಗೆ ಜಾಮೀನು ಸಿಗಲಿಲ್ಲ. ಕಾಗದವಾದರೆ ಕಿತ್ತುಕೊಳ್ಳಬಹುದು, ತಲೆಯೊಳಗೆ ಇರುವುದನ್ನು ಏನು ಮಾಡುವುದು ಎಂದು ಸರ್ಕಾರಿ ವಕೀಲರು ಕೇಳಿದರಂತೆ.

ಸೇತುವೆಯ ಮೇಲೆ ಬಸ್ಸು ನಿಲ್ಲಿಸಿದ್ದಾರೆ. ಈ ದಡದಲ್ಲಿ ಇಳಿದು, ನಡೆದು ದಾಟಿ, ಆ ದಡದಲ್ಲಿ ಇನ್ನೊಂದು ಬಸ್ಸು ಹತ್ತಬೇಕು. ಇವತ್ತು ದಾಟುವಾಗ ಕೆಳಗೆ ಬಗ್ಗಿ ನೋಡಿದೆ. ಬಿರುಕಿನೊಳಗೆ ನನ್ನ ಕೈ ಹಿಡಿಸುತ್ತದೆ. ಪತ್ರಿಕೆಗೆ ಕೊಟ್ಟವರು ಯಾರೇ ಆಗಲಿ, ಅವರ ಹೊಟ್ಟೆ ತಣ್ಣಗಿರಲಿ. ಇಲ್ಲದಿದ್ದರೆ ಒಂದು ದಿನ ಬಸ್ಸಿನ ಸಮೇತ ನೀರು ಸೇರುತ್ತಿದ್ದೆವು.

೧೯ ಜೂನ್

ಕೋರ್ಟಿನ ಮೊದಲ ತಾರೀಖು. ರಾತ್ರಿಯೆಲ್ಲ ಹೇಳಬೇಕಾದ ಮಾತನ್ನು ಬಾಯಿಪಾಠ ಮಾಡಿದ್ದೆ. ವಿಚಾರಣೆ ಮುಚ್ಚಿದ ಬಾಗಿಲ ಹಿಂದೆ. ಸಾಕ್ಷಿಗಳು ಹೊರಗಿನ ಬೆಂಚಿನಲ್ಲಿ ಕಾಯಬೇಕು. ಅದೇ ಬೆಂಚಿನಲ್ಲಿ ಗುಬ್ಬಿಯ ತಾಯಿಯೂ ಕೂತಿದ್ದರು. ಹೆತ್ತವರಿಗೂ ಒಳಗೆ ಪ್ರವೇಶವಿಲ್ಲ.

ಆಕೆ ನನ್ನ ಕೈ ಹಿಡಿದುಕೊಂಡರು. "ಅವಳು ಹೇಳಿದ್ದನ್ನ ಯಾರೂ ಬರ್ಕೊಳ್ಳಲೇ ಇಲ್ವಂತೆ. ಮೇಡಂ ಬಾಯಿಂದ ಬಂದ್ರೆ ಬರ್ಕೋತಾರಮ್ಮ ಅಂತಾಳೆ. ನೀವಿದೀರಲ್ಲ, ನಂಗೆ ಧೈರ್ಯ" ಎಂದರು. ಹೇಳೇ ಹೇಳ್ತೀನಿ, ಅದಕ್ಕೇ ಬಂದಿರೋದು ಅಂದೆ.

ಮಧ್ಯಾಹ್ನ ಒಬ್ಬರು ಹೊರಬಂದು ಎಲ್ಲರೂ ಹೋಗಿ ಎಂದರು. ಗೋಪ್ಯ ವರದಿ ಓದಲು ನ್ಯಾಯಾಧೀಶರಿಗೆ ಅನುಮತಿ ಇಲ್ಲವಂತೆ. ಅದು ಬರುವವರೆಗೆ ಕೇಸು ನಡೆಸುವಂತಿಲ್ಲ.

೧೪ ಆಗಸ್ಟ್

ಮುಂದಕ್ಕೆ ಹಾಕಿದರು.

೯ ಅಕ್ಟೋಬರ್

ಮುಂದಕ್ಕೆ ಹಾಕಿದರು. ನ್ಯಾಯಾಧೀಶರ ಅನುಮತಿ ಬಂದಿದೆ, ಬೆರಳಚ್ಚುಗಾರನದು ಬಂದಿಲ್ಲ. ಗುಬ್ಬಿಯನ್ನು ವ್ಯಾನಿಗೆ ಹತ್ತಿಸುವಾಗ ದೂರದಿಂದ ಕಂಡೆ. ಕೈ ಬೀಸಿದಳು. ಅವಳ ತಾಯಿ ನನಗೂ ಸೇರಿಸಿ ಬುತ್ತಿ ತಂದಿದ್ದರು, ಬೇಡವೆನ್ನಲಾಗಲಿಲ್ಲ.

೨೦ ನವೆಂಬರ್

ಸರ್ಕಾರಿ ವಕೀಲರು ಕರೆಸಿದ್ದರು. ಪೆನ್ನಿನ ಮುಚ್ಚಳದಿಂದ ಕಿವಿ ಕೆರೆದುಕೊಳ್ಳುತ್ತ ನನ್ನ ಮಾತನ್ನು ಕೊನೆಯವರೆಗೂ ಕೇಳಿದರು. ಕೊನೆಯವರೆಗೂ ಕೇಳಿದವರು ಅವರೊಬ್ಬರೇ.

"ಹೇಳಿ ಮೇಡಂ, ಖಂಡಿತ ಹೇಳಿ" ಎಂದರು. "ಆದ್ರೆ ಗೋಪ್ಯ ರಿಜಿಸ್ಟರಲ್ಲಿ ಸುಳ್ಳು ಸಹಿ ಹಾಕ್ಸೋದೂ ಅದೇ ಕಾಯ್ದೆ ಕೆಳಗೇ ಬರುತ್ತೆ. ಹಾಕ್ಸಿದೋರು ಎರಡನೇ ಆರೋಪಿ ಆಗ್ತಾರೆ. ನಿಮಗೆ ಗೊತ್ತಿರಲಿ ಅಂದೆ, ಅಷ್ಟೇ."

ಮುಚ್ಚಳ ಒರೆಸಿ ಪೆನ್ನಿಗೆ ಹಾಕಿದರು.

"ಅವತ್ತು ಎಷ್ಟು ಸಾಲು ತುಂಬ್ಸಿದ್ರಿ?"

"ಹದಿನೇಳು."

"ಹದಿನೇಳರಲ್ಲಿ ಈ ಸಾಲೂ ಒಂದು ಅಂತ ಹೇಗೆ ಅಷ್ಟು ಗ್ಯಾರಂಟಿಯಾಗಿ ಹೇಳ್ತೀರಿ? ಹುಡುಗಿ ತಾನೇ ತಗೊಂಡು ತಾನೇ ಹಾಕಿದ್ರೆ? ಯೋಚನೆ ಮಾಡಿ ನೋಡಿ."

ನನಗೆ ಹೆದರಿಕೆಯಾಗಿದೆ. ಸುಳ್ಳು ಏಕೆ ಬರೆಯಲಿ? ಐವತ್ತಾರನೇ ವಯಸ್ಸಿನಲ್ಲಿ ಆ ವ್ಯಾನು ಹತ್ತುವುದು ನನ್ನಿಂದಾಗದು. ಆದರೂ ಹೇಳುತ್ತೇನೆ. ಸ್ವಲ್ಪ ಯೋಚಿಸಿ ಹೇಳುತ್ತೇನೆ.

೧೨ ಮಾರ್ಚ್ ೨೦೧೫

ದೊಡ್ಡ ಸಾಹೇಬರಿಗೆ ಬಡ್ತಿ, ಮೇಲಿನ ಮಹಡಿಗೆ ಹೋಗುತ್ತಿದ್ದಾರೆ. ಬೀಳ್ಕೊಡುಗೆಯ ಚಹಾ ಆಯಿತು. ಹೊರಡುವಾಗ ನನ್ನ ಮೇಜಿನ ಬಳಿ ನಿಂತು, "ಕಳೆದ ವರ್ಷ ಜನವರಿ ಎರಡನೇ ವಾರ ನಾನು ಟೂರಲ್ಲಿದ್ದೆ ಅನ್ಸುತ್ತೆ, ಅಲ್ವಾ?" ಎಂದರು. ನಗುನಗುತ್ತಲೇ ಕೇಳಿದರು.

ಇರಬಹುದು ಸಾರ್ ಅಂದೆ. ಇರಬಹುದು ಎಂದರೆ ಹೌದು ಎಂದೇನಲ್ಲ. ಎದುರಿಗೆ ನಿಂತವರ ಮುಖಕ್ಕೆ ಹೊಡೆದ ಹಾಗೆ ಇಲ್ಲ ಎನ್ನಲಾಗುತ್ತದೆಯೇ? ನಾನು ಹಾಗೆ ಬೆಳೆದವಳಲ್ಲ.

೨೫ ಜೂನ್

ಮುಂದಕ್ಕೆ ಹಾಕಿದರು. ಇದು ಏಳನೆಯ ಸಲವೋ ಎಂಟನೆಯ ಸಲವೋ. ಆ ತಾಯಿ ಪಕ್ಕದಲ್ಲಿ ಕೂತು ಒಂದೇ ಮಾತನ್ನು ಹತ್ತು ಸಲ ಹೇಳುತ್ತಾರೆ. "ಅವಳು ಪೂರಾ ನಿಮ್ಮನ್ನೇ ನಂಬ್ಕೊಂಡಿದಾಳೆ ಮೇಡಂ." ನಂಬಿ ಎಂದು ನಾನೇನು ಬರೆದುಕೊಟ್ಟಿದ್ದೇನೆಯೇ? ಮುಂದಿನ ಸಲ ಪುಸ್ತಕ ಒಯ್ಯಬೇಕು. ಓದುತ್ತಿರುವವರನ್ನು ಯಾರೂ ಮಾತನಾಡಿಸುವುದಿಲ್ಲ.

೨ ಆಗಸ್ಟ್

ತಂಗಿಯ ಜೊತೆ ಜಗಳ. ಭಾನುವಾರ ಹಾಳಾಯಿತು.

ಇಷ್ಟೇ ಹೇಳಿದ್ದು ನಾನು: ಆ ದಿನ ಗಡಿಬಿಡಿಯಲ್ಲಿ ತುಂಬಿಸಿದ ಸಾಲುಗಳಲ್ಲಿ ಏಳನೇ ಪ್ರತಿಯದೂ ಇತ್ತೇ ಎಂದು ಈಗ ಖಚಿತವಿಲ್ಲ. ಅದನ್ನು ಕೇಳಿ ಹೊಲಿಗೆ ಮೆಷಿನ್ನು ನಿಲ್ಲಿಸಿದಳು. "ಅಕ್ಕ, ಅವತ್ತು ಊಟಕ್ಕೆ ಕೂತಾಗ ಹೇಳಿದ್ಯಲ್ಲ. ಸಾಹೇಬ್ರು ಕೈಯಿಂದ ಇಸ್ಕೊಂಡ್ರು ಅಂದ್ಯಲ್ಲ."

"ಗಾಬರೀಲಿ ಏನೇನೋ ಅಂದಿರ್ತೀನಿ."

"ನೀನು ಹೇಳದಿದ್ರೆ ಬಿಡು. ನಾನೇ ವಕೀಲರ ಹತ್ರ ಹೋಗ್ತೀನಿ."

ಆಗ ನಾನು ಕಾನೂನು ತಿಳಿಸಬೇಕಾಯಿತು. ನಾನು ಮನೆಯಲ್ಲಿ ಹೇಳಿದ್ದು ಕಚೇರಿಯ ಗೋಪ್ಯ. ಅದನ್ನು ಕೇಳಿಸಿಕೊಂಡದ್ದೇ ತಪ್ಪು, ಹೊರಗೆ ಹೇಳಿದರೆ ಅಪರಾಧ. "ಹೋಗು, ಹೇಳು. ಅವಳ ಪಕ್ಕದ ಕೋಣೇಲೇ ನಿಂಗೂ ಜಾಗ ಕೊಡ್ತಾರೆ. ಬೇಕಾದ್ರೆ ಮೊದ್ಲು ನಾನೇ ಫೋನ್ ಮಾಡಿ ತಿಳಿಸ್ತೀನಿ" ಅಂದೆ. ಹೆದರಿಸಲೆಂದು ಹೇಳಿದ್ದಲ್ಲ, ನಿಯಮ ಇರುವುದೇ ಹಾಗೆ.

ಅವಳು ಕತ್ತರಿಯನ್ನು ಪೆಟ್ಟಿಗೆಗೆ ಹಾಕಿದಳು. ಆಮೇಲೆ ಎದ್ದು ಬಟ್ಟೆಗಳನ್ನು ಮಡಿಸತೊಡಗಿದಳು.

೯ ಆಗಸ್ಟ್

ತಂಗಿ ಮೆಷಿನ್ನು ಸಮೇತ ಬೇರೆ ಮನೆಗೆ ಹೋದಳು. ಮುಂದಿನ ಕೋಣೆಗೆ ಈಗ ಒಳ್ಳೆಯ ಗಾಳಿ ಬರುತ್ತದೆ.

೩ ಡಿಸೆಂಬರ್

ಮುಂದಕ್ಕೆ ಹಾಕಿದರು. ಆ ಹುಡುಗಿಯ ವಕೀಲರಿಗೆ ಅನುಮತಿ ಬಂದು, ಅವರ ಗುಮಾಸ್ತನ ಅನುಮತಿ ರದ್ದಾಗಿದೆ. ಸೇತುವೆ ದಾಟಲು ದಿನಕ್ಕೆ ಎರಡು ಸಲ ಇಪ್ಪತ್ತು ನಿಮಿಷ ನಡೆಯುವ ನನ್ನ ಮಂಡಿಯ ಬಗ್ಗೆ ಯಾರೂ ಅರ್ಜಿ ಹಾಕುವುದಿಲ್ಲ. ಎರಡು ಬಿರುಕಿಗೆ ಇಷ್ಟೊಂದು ರಂಪ ಬೇಕಿತ್ತೇ? ಪತ್ರಿಕೆಗೆ ಕೊಡುವ ಮುನ್ನ ಇದನ್ನೆಲ್ಲ ಯೋಚಿಸಬೇಕಿತ್ತು ಆ ಹುಡುಗಿ.

೨೧ ಏಪ್ರಿಲ್ ೨೦೧೬

ಇವತ್ತು ಬೆಂಚಿನಲ್ಲಿ ಜಾಗ ಧಾರಾಳವಾಗಿತ್ತು. ಕಾಲು ಚಾಚಿ ಕೂತು ಅರವತ್ತು ಪುಟ ಓದಿದೆ. ಆ ತಾಯಿ ಹೋದ ತಿಂಗಳು ತೀರಿಕೊಂಡರಂತೆ, ಕಾವಲಿನವನು ಹೇಳಿದ. ಮಣ್ಣು ಮಾಡಲು ಹುಡುಗಿಯನ್ನು ಬಿಡಲಿಲ್ಲವಂತೆ. ಜನ ಸೇರುವ ಕಡೆ ಏನಾದರೂ ಬಾಯಿಬಿಟ್ಟರೆ ಎಂದು. ಅದೂ ಸರಿಯೇ. ಇವಳ ಬಾಯಿ ನನಗೆ ಗೊತ್ತಿಲ್ಲವೇ?

ಕೇಸು ಮುಂದಕ್ಕೆ.

೫ ಸೆಪ್ಟೆಂಬರ್

ಶಾಖಾ ಮುಖ್ಯಸ್ಥೆಯಾದೆ. ಮೂವತ್ತೊಂದು ವರ್ಷ ಕಿಟಕಿಯಿಲ್ಲದ ಕೋಣೆಯಲ್ಲಿ ಕೂತವಳಿಗೆ ಕಿಟಕಿಯಿರುವ ಕೋಣೆ ಸಿಕ್ಕಿತು. ದೊಡ್ಡ ಸಾಹೇಬರು ತಾವಾಗಿ ಕೆಳಗಿಳಿದು ಬಂದು ಶುಭ ಹೇಳಿದರು. ಇಂಥ ದೊಡ್ಡತನ ಎಷ್ಟು ಜನಕ್ಕಿರುತ್ತದೆ? ಪರದೆಗೆ ಬಟ್ಟೆ ತಂದಿದ್ದೇನೆ. ಹೊಲಿಸಲು ಯಾರಿಗಾದರೂ ಕೊಡಬೇಕು.

೧೬ ಫೆಬ್ರವರಿ ೨೦೧೭

ಮೂರು ವರ್ಷದ ಮೇಲೆ ನನ್ನ ಸರದಿ ಬಂತು.

ಒಳಗೆ ಎಂಟೇ ಜನ ಇದ್ದರು. ಕಿಟಕಿಗಳಿಗೆ ಕಂದು ಕಾಗದ ಅಂಟಿಸಿದ್ದರು. ಸರ್ಕಾರಿ ವಕೀಲರ ಪ್ರಶ್ನೆಗಳೆಲ್ಲ ನಾವು ಮೊದಲೇ ನೋಡಿಕೊಂಡಿದ್ದವೇ. ಕಿರಿಯರು ತಾವು ತೆಗೆದುಕೊಂಡ ಪ್ರತಿಗೆ ಮಾತ್ರ ಸಹಿ ಹಾಕುತ್ತಾರೆಯೇ? ಹೌದು. ಈ ಸಹಿ ಯಾರದು? ಆರೋಪಿಯದು. ನಾನು ಹೇಳುತ್ತಿದ್ದಂತೆ ಬೆರಳಚ್ಚುಗಾರ ಟಪಟಪ ಬಡಿಯುತ್ತಿದ್ದ. ಮಾತು ಮುಗಿದಲ್ಲೇ ಅವನ ಸದ್ದೂ ನಿಲ್ಲುತ್ತಿತ್ತು. ಕೇಳಲು ಹಿತವಾಗಿತ್ತು.

ಆಮೇಲೆ ಆರೋಪಿಯ ವಕೀಲರು ಎದ್ದರು. ಮುದುಕರು, ಮಾತಿಗೊಮ್ಮೆ ಸೀನುತ್ತಾರೆ. ಲಿಖಿತ ಅನುಮತಿಯಿಲ್ಲದೆ ಅವರು ಕೋರ್ಟಿನಲ್ಲಿ ಯಾವ ಹಿರಿಯ ಅಧಿಕಾರಿಯ ಹೆಸರನ್ನೂ ಎತ್ತುವಂತಿಲ್ಲ, ಹುದ್ದೆಯನ್ನೂ ಹೇಳುವಂತಿಲ್ಲ. ಅನುಮತಿ ಬಂದಿರಲಿಲ್ಲ.

"ನಂಗೆ ಕೇಳೋಕೆ ಉಳಿದಿರೋದು ಒಂದೇ ಪ್ರಶ್ನೆ" ಎಂದರು. "ಮೇಡಂ ಸುಳ್ಳು ಹೇಳೋರಲ್ಲ, ಸುಮ್ನೆ ಕೇಳಿ ಸಾಕು ಅಂದಿದಾಳೆ ನನ್ನ ಕಕ್ಷಿದಾರಳು. ಅದಕ್ಕೇ ಕೇಳ್ತಿದೀನಮ್ಮ. ಈ ಸಹಿ ಬಗ್ಗೆ ನೀವಾಗಿ ಹೇಳಬೇಕಾದ್ದು ಏನಾದ್ರೂ ಇದೆಯಾ?"

ಆರೋಪಿ ನನ್ನನ್ನೇ ನೋಡುತ್ತಿದ್ದಳು. ಕಟಕಟೆಯ ಮೇಲೆ ಬರೀ ತಲೆ ಕಾಣಿಸುತ್ತಿತ್ತು, ಅಷ್ಟು ಸಣ್ಣಗಾಗಿದ್ದಾಳೆ. ಅಲ್ಲಿ ಊಟ ಸರಿಯಿಲ್ಲವೇನೋ. ಹಲ್ಲು ಕಾಣಿಸದ ಹಾಗೆ ನಕ್ಕಳು, ಅವಸರ ಮಾಡಬೇಡಿ ಎನ್ನುವ ಹಾಗೆ.

"ಏನೂ ಇಲ್ಲ" ಅಂದೆ.

ವಕೀಲರು ಇನ್ನೊಮ್ಮೆ ಕೇಳಿದರು. ಮತ್ತೆ ಅದನ್ನೇ ಹೇಳಿದೆ. ಆ ರಿಜಿಸ್ಟರಿನಲ್ಲಿ ತಪ್ಪು ಸಾಲು ಬರಲು ಸಾಧ್ಯವಿಲ್ಲ, ಅದನ್ನು ನೋಡಿಕೊಳ್ಳುತ್ತಿದ್ದವಳು ನಾನು ಎಂದೂ ಸೇರಿಸಿದೆ. ಆರೋಪಿ ನಗುವುದನ್ನು ನಿಲ್ಲಿಸಿ ಕೂತುಬಿಟ್ಟಳು. ನಿಂತೇ ಇರಬೇಕು ಎಂದು ಕಾವಲಿನವಳು ಎಬ್ಬಿಸಿದಳು.

ಇಷ್ಟು ಸ್ಪಷ್ಟವಾಗಿ ಮಾತಾಡುವ ಸಾಕ್ಷಿ ಸಿಗುವುದು ಅಪರೂಪ ಎಂದು ನ್ಯಾಯಾಧೀಶರು ಹೇಳಿದರು. ಹೊರಗೆ ಬಂದು ಎರಡು ಲೋಟ ನೀರು ಕುಡಿದೆ. ಎದೆ ಹಗುರಾಗಿದೆ. ಇದ್ದದ್ದನ್ನು ಹೇಳಿದವರಿಗೆ ಹಾಗೇ ಆಗುತ್ತದೆ.

೧೦ ಮೇ

ತೀರ್ಪು ಬಂತು. ಒಂಬತ್ತು ವರ್ಷ.

೨೨ ಮೇ

ತೀರ್ಪು ದಾಖಲಾಗಲು ನನ್ನ ಶಾಖೆಗೇ ಬಂತು. ಮುಚ್ಚಿದ ಬಾಗಿಲ ಹಿಂದಿನ ಕೇಸಾದ್ದರಿಂದ ತೀರ್ಪೂ ಗೋಪ್ಯ. ನಾಲ್ಕು ಪ್ರತಿ ಮಾಡಿಸಿ, ಮೂಲೆಗೆ ಸಂಖ್ಯೆ ಒತ್ತಿ, ನಲವತ್ತು ವರ್ಷ ತೆರೆಯತಕ್ಕದ್ದಲ್ಲ ಎಂದು ಬರೆದು ಬೀರುವಿಗೆ ಹಾಕಿದೆ. ನೂರಾ ಹನ್ನೆರಡು ಪುಟ. ನನ್ನ ಹೇಳಿಕೆಯನ್ನು ಹನ್ನೊಂದು ಕಡೆ ಎತ್ತಿ ಹೇಳಿದ್ದಾರೆ. ಒಂದು ಕಡೆ "ಕಳಂಕವಿಲ್ಲದ ಸಾಕ್ಷ್ಯ" ಎಂದಿದೆ. ಆ ಪುಟವನ್ನು ಎರಡು ಸಲ ಓದಿದೆ.

ಹೊಸ ಸೇತುವೆಯ ಕೆಲಸ ಶುರುವಾಗಿದೆ. ಧೂಳೋ ಧೂಳು.

೨ ಜೂನ್

ಜೈಲಿನಿಂದ ಅರ್ಜಿ ಬಂದಿದೆ. ಮೇಲ್ಮನವಿ ಹಾಕಲು ತೀರ್ಪಿನ ಒಂದು ಪ್ರತಿ ಬೇಕಂತೆ. ಪ್ರತಿ ಲಗತ್ತಿಸದಿದ್ದರೆ ಮೇಲಿನ ಕೋರ್ಟು ಮೇಲ್ಮನವಿಯನ್ನು ಮುಟ್ಟುವುದಿಲ್ಲ. ತೀರ್ಪಿನ ದಿನದಿಂದ ಮೂವತ್ತು ದಿನ ಗಡುವು, ಅಂದರೆ ಮುಂದಿನ ಶುಕ್ರವಾರ ಒಂಬತ್ತನೇ ತಾರೀಖು ಬಂದರೆ ಮುಗಿಯಿತು.

ಅರ್ಜಿ ಚೆನ್ನಾಗಿದೆ. ಎಡಕ್ಕೆ ಎರಡು ಬೆರಳು ಜಾಗ, ವಿಷಯದ ಕೆಳಗೆ ಗೆರೆ, ಒಂದೂ ಒಡಕು ವಾಕ್ಯವಿಲ್ಲ. ನನ್ನ ಕೈಕೆಳಗೆ ಕಲಿತವರ ಬರಹ ಎಲ್ಲಿದ್ದರೂ ಗೊತ್ತಾಗುತ್ತದೆ. ಒಂದೇ ಕೊರತೆ, ನನ್ನನ್ನು ಬರೀ ಶಾಖಾ ಮುಖ್ಯಸ್ಥರು ಎಂದು ಕರೆದಿದ್ದಾಳೆ. ಆರು ವರ್ಷ ಜೊತೆಗೆ ಕೂತು ಕೆಲಸ ಮಾಡಿದವಳು ಒಂದು ಮೇಡಂ ಎನ್ನಬಾರದಿತ್ತೇ? ಮನಸ್ಸಿಗೆ ಬೇಜಾರಾಯಿತು.

ಪ್ರತಿ ಕೊಡಬಹುದು ಎಂದು ನಾನು ಎರಡು ಸಾಲಿನ ಟಿಪ್ಪಣಿ ಬರೆದರೆ ಅರ್ಜಿ ಮೇಲಕ್ಕೆ ಹೋಗುತ್ತದೆ. ಅಲ್ಲಿಯವರೆಗೆ ನನ್ನ ಮೇಜಿನ ಮೇಲೆಯೇ ಇರುತ್ತದೆ. ಹತ್ತು ನಿಮಿಷದ ಕೆಲಸ.

೬ ಜೂನ್

ಮುದುಕ ವಕೀಲರು ಎರಡು ಸಲ ಫೋನ್ ಮಾಡಿದ್ದರಂತೆ. ಕಾಗದಪತ್ರವೆಲ್ಲ ಸರದಿಯ ಪ್ರಕಾರ ನೋಡುತ್ತೇವೆ ಎಂದು ಹೇಳಿಸಿದೆ. ಸೀನುತ್ತಲೇ ಬೈದರಂತೆ. ಇಂಥವರಿಗೆ ಸಹನೆಯೇ ಇಲ್ಲ.

೮ ಜೂನ್

ಮಧ್ಯಾಹ್ನವೆಲ್ಲ ಬಿಡುವಿತ್ತು. ಕಿಟಕಿಯ ಪರದೆ ಬಂದಿದೆ, ಹಾಕಿಸಿದೆ. ಹೊಲಿಗೆ ಅಷ್ಟಕ್ಕಷ್ಟೆ, ಅಂಚು ಸೊಟ್ಟ. ಮೇಜನ್ನೂ ಒರೆಸಿ ಕಾಗದಗಳನ್ನು ಓರಣ ಮಾಡಿಟ್ಟೆ.

ಕಣ್ಣು ಮಂಜಾಗುತ್ತಿದೆ, ಹತ್ತಿರದ ಅಕ್ಷರ ಕಾಣುತ್ತಿಲ್ಲ. ಕನ್ನಡಕ ಮಾಡಿಸಲು ನಾಳೆ ಶುಕ್ರವಾರ ರಜೆ ಹಾಕಿದ್ದೇನೆ. ಅರ್ಜಿಯನ್ನು ಸೋಮವಾರ ನೋಡಿದರಾಯಿತು.